ಪೇಟಿ ಮುಚ್ಚಿಸಬೇಡಿ, ಅಪ್ಪಾ

ಮ್ಯಾಡ್ರಿಡ್,
ನವೆಂಬರ್ 18

ತೀರ್ಥರೂಪ ಅಪ್ಪನವರಿಗೆ ಹಾಗೂ ಅವ್ವನಿಗೆ,

ರಾಘು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅತ್ತ ನೀವಿಬ್ಬರೂ, ತಂಗಿ ಶಾರದಾ, ಕಾಕಾ, ಕಾಕೂ, ಅತ್ಯಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಪತ್ರ ಹೋದ ಬುಧವಾರ ಕೈಸೇರಿತು.

ಓದಿದ ಮೇಲೆ ಎರಡು ದಿನ ನನಗೆ ಊಟ ರುಚಿಸಲಿಲ್ಲ. ಗದಗಿನ ಕಡೆಯವರು ಬಂದು, ಶಾರದೆಯನ್ನು ಕೂರಿಸಿ ಎರಡು ಹಾಡು ಹಾಡಿಸಿ, ಶಿರಾ ಉಪ್ಪಿಟ್ಟು ತಿಂದು, ನಗುನಗುತ್ತಲೇ ಎದ್ದುಹೋದವರು, ಎಂಟು ದಿನ ಬಿಟ್ಟು ಮಧ್ಯಸ್ಥರ ಬಾಯಲ್ಲಿ "ಹುಡುಗಿಯ ಬಣ್ಣ ಸ್ವಲ್ಪ ಕಡಿಮೆ, ದನಿಯಂತೂ ಗಂಡಸಿನ ದನಿ" ಎಂದು ಹೇಳಿ ಕಳಿಸಿದ ಸಂಗತಿಗಿಂತಲೂ ನನ್ನನ್ನು ಹೆಚ್ಚು ಕಲಕಿದ್ದು ನೀವು ಕೊನೆಗೆ ಬರೆದ ನಾಲ್ಕು ಸಾಲು. ಅಂದಿನಿಂದ ಅವಳು ಹಾರ್ಮೋನಿಯಂ ಪೇಟಿಯ ಮೇಲಿನ ಬಟ್ಟೆಯನ್ನು ಸರಿಸಿಯೇ ಇಲ್ಲ ಎಂದಿದ್ದೀರಿ. ಮದುವೆ ಕೂಡಿಬರುವ ತನಕ ಸಂಗೀತದ ಪಾಠ ನಿಲ್ಲಿಸುವುದೇ ಮೇಲೇನೋ, ನಿನ್ನ ವಿಚಾರವೇನು ಎಂದು ನನ್ನನ್ನು ಕೇಳಿದ್ದೀರಿ. ಇಂಥ ಮಾತಿಗೆ ಫೋನಿನಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ, ಅದಕ್ಕೇ ಈ ಕಾಗದ.

ಹೋದ ಶನಿವಾರ ಆಫೀಸಿನ ಗೆಳೆಯನೊಬ್ಬ ನನ್ನ ಸಪ್ಪೆ ಮುಖ ನೋಡಲಾರದೆ ಒಂದು ಹಾಡಿನ ಕಾರ್ಯಕ್ರಮಕ್ಕೆ ಎಳೆದುಕೊಂಡು ಹೋದ. ನಲವತ್ತು ಕುರ್ಚಿ ಹಿಡಿಸುವ ಒಂದು ನೆಲಮಾಳಿಗೆ, ಮೂಲೆಯಲ್ಲಿ ಒಂದು ಹಳೆಯ ಪಿಯಾನೋ, ಅಷ್ಟೇ. ಶುರುವಾದದ್ದು ರಾತ್ರಿ ಹತ್ತಕ್ಕೆ. ಈ ಊರಿನ ಜನ ಊಟಕ್ಕೆ ಕೂರುವುದೇ ಆ ಹೊತ್ತಿಗೆ ಎಂದರೆ ಅವ್ವ ನಂಬಲಿಕ್ಕಿಲ್ಲ. ಹಾಡು ಹಿಡಿಸಿದರೆ ಕುಳಿತಲ್ಲಿಂದಲೇ "ಓಲೆ" ಎನ್ನುತ್ತಾರೆ, ಥೇಟ್ ನಮ್ಮ ಬೈಠಕ್ಕಿನಲ್ಲಿ ಹಿರಿಯರು "ವಾಹ್ವಾ" ಎಂದಂತೆ. ಅಲ್ಲಿ ದ್ರಾಕ್ಷಿ ಮದ್ಯದ ಗ್ಲಾಸುಗಳಿದ್ದವು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನಾನು ಕುಡಿದದ್ದು ನಿಂಬೆ ನೀರು, ಅದರ ಬಗ್ಗೆ ನೀವು ಕಿಂಚಿತ್ತೂ ಚಿಂತಿಸಬಾರದು.

ಅಂದು ಕಾರ್ಯಕ್ರಮ ಕೊಟ್ಟ ಮೂವರೂ ನನ್ನ ಸಮವಯಸ್ಕರು. ಪಿಯಾನೋ ನುಡಿಸಿದ ಹುಡುಗಿ ಕ್ಯೂಬಾದವಳು, ಹಾಡಿದ ಇಬ್ಬರು ಇಲ್ಲಿಯವರೇ. ಇಡೀ ರಾತ್ರಿ ಅವರು ಒಬ್ಬನೇ ಗಾಯಕನ ಹಾಡುಗಳನ್ನು ಹಾಡಿದರು. ಆತ ತೀರಿಕೊಂಡು ಐವತ್ತು ವರ್ಷ ದಾಟಿದೆ, ಅಂದರೆ ಅವರಲ್ಲಿ ಯಾರೂ ಆತನನ್ನು ಕಣ್ಣಿಂದ ಕಂಡವರಲ್ಲ. ಆತನ ನಿಜವಾದ ಹೆಸರು ಇಗ್ನಾಸಿಯೋ ವಿಯಾ. ಲೋಕಕ್ಕೆ ಗೊತ್ತಿರುವುದು "ಬೋಲಾ ದೆ ನಿಯೇವೆ" ಎಂದು, ಹಾಗೆಂದರೆ ಹಿಮದ ಉಂಡೆ. ಕಪ್ಪು ಮೈಬಣ್ಣದ, ದುಂಡು ಮುಖದ ಮನುಷ್ಯನಿಗೆ ಯಾರೋ ಚೇಷ್ಟೆಗೆ ಇಟ್ಟ ಹೆಸರು ಅದು. ಆತ ಅದನ್ನೇ ವೇದಿಕೆಯ ಹೆಸರು ಮಾಡಿಕೊಂಡು ಊರೂರು ಸುತ್ತಿದ. ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ವರೆಗೂ ಹೋದ. ಗದಗಿನವರ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ನನಗೆ ಆ ಹೆಸರಿನ ಅರ್ಥವನ್ನು ಗೆಳೆಯ ವಿವರಿಸಿದಾಗ ಗಂಟಲು ಕಟ್ಟಿತು.

ಆತ ಹುಟ್ಟಿದ್ದು 1911ರಲ್ಲಿ, ಹವಾನಾ ಬಂದರಿನ ಆಚೆಗಿರುವ ಗ್ವಾನಬಕೋವಾ ಎಂಬ ಊರಿನಲ್ಲಿ. ಈ ಊರನ್ನು ನೀವು ನಮ್ಮ ಧಾರವಾಡದ ಹಾಗೆಂದು ತಿಳಿಯಬಹುದು. ಕ್ಯೂಬಾದ ಬಹು ದೊಡ್ಡ ಸಂಗೀತ ಸಂಯೋಜಕ ಎರ್ನೆಸ್ತೋ ಲೆಕ್ವೋನಾ ಹುಟ್ಟಿದ್ದೂ ಅಲ್ಲೇ, ಗಾಯಕಿ ರೀಟಾ ಮೊಂತಾನೇರ್ ಹುಟ್ಟಿದ್ದೂ ಅಲ್ಲೇ. ನಮ್ಮಲ್ಲಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ, ಬಸವರಾಜ ರಾಜಗುರುಗಳ ಹೆಸರನ್ನು ಒಂದೇ ಉಸಿರಿಗೆ ಹೇಳುವ ಹಾಗೆ ಅಲ್ಲಿಯವರು ಈ ಮೂವರ ಹೆಸರನ್ನು ಹೇಳುತ್ತಾರಂತೆ. ಬೋಲಾನ ತಂದೆ ಅಡುಗೆಯವರು, ತಾಯಿಯ ಹೆಸರು ಇನೆಸ್. ನಿಮ್ಮ ಹಾಗೆ ಮಾಸ್ತರನಾಗಬೇಕೆಂದು ಶಿಕ್ಷಕರ ತರಬೇತಿ ಶಾಲೆಗೂ ಸೇರಿದ್ದನಂತೆ. ಹರೆಯದಲ್ಲಿ ಆತ ದುಡಿದದ್ದು ಊರಿನ ಟಾಕೀಜಿನಲ್ಲಿ. ಮೂಕಿ ಚಿತ್ರ ಪರದೆಯ ಮೇಲೆ ಓಡುತ್ತಿದ್ದರೆ ಕತ್ತಲಲ್ಲಿ ಕುಳಿತು ಅದಕ್ಕೆ ಪಿಯಾನೋ ನುಡಿಸುತ್ತಿದ್ದ.

ಹಾಡುಗಾರನಾಗಬೇಕೆಂಬ ಯೋಚನೆ ಆತನಿಗಿರಲಿಲ್ಲ, ಏಕೆಂದರೆ ದನಿ ಒಡಕು. ತನ್ನದು ಬೀದಿಯಲ್ಲಿ ಹಣ್ಣು ಕೂಗುವವನ ದನಿ ಎಂದು ತಾನೇ ಹೇಳಿಕೊಳ್ಳುತ್ತಿದ್ದನಂತೆ. 1933ರಲ್ಲಿ ರೀಟಾ ಮೊಂತಾನೇರ್ ಆತನನ್ನು ಮೆಕ್ಸಿಕೋಗೆ ಕರೆದೊಯ್ದದ್ದು ಪಿಯಾನೋ ಸಾಥ್ ಕೊಡಲಿ ಎಂದಷ್ಟೇ. ಅಲ್ಲಿ ಒಂದು ರಾತ್ರಿ ಆಕೆಯ ಗಂಟಲು ಕೆಟ್ಟು, ಜನ ಕಾದು ಕುಳಿತಿದ್ದಾಗ, ಬೇರೆ ದಾರಿಯಿಲ್ಲದೆ ಈ ಒಡಕು ದನಿಯವನೇ ಹಾಡಬೇಕಾಯಿತು ಎಂದು ಹೇಳುತ್ತಾರೆ. ಆಮೇಲೆ ಆತ ಸಾಥಿಯಾಗಿ ಉಳಿಯಲಿಲ್ಲ. ಕೊನೆಗಾಲದಲ್ಲಿ ಹವಾನಾದ ಮೊನ್ಸೆನ್ಯೇರ್ ಎಂಬ ರೆಸ್ಟೋರೆಂಟಿನಲ್ಲಿ ಹಾಡುತ್ತಿದ್ದ. 1971ರಲ್ಲಿ ಪೆರು ದೇಶಕ್ಕೆ ಹೊರಟವನು ದಾರಿಯಲ್ಲಿ ಮೆಕ್ಸಿಕೋ ನಗರದಲ್ಲೇ ತೀರಿಕೊಂಡ.

ಆತನ ಹಳೆಯ ಧ್ವನಿಮುದ್ರಣಗಳನ್ನು ಈಗ ದಿನಾ ರಾತ್ರಿ ಕೇಳುತ್ತಿದ್ದೇನೆ. ಆತ ಸಾಲನ್ನು ಎಳೆದು ಹಾಡುವುದೇ ಇಲ್ಲ. ಅರ್ಧ ಹಾಡುತ್ತಾನೆ, ಅರ್ಧ ಮಾತಾಡುತ್ತಾನೆ, ನಡುವೆ ನಕ್ಕುಬಿಡುತ್ತಾನೆ, ಮರುಕ್ಷಣ ಅಳುವವನ ಹಾಗೆ ದನಿ ಇಳಿಸುತ್ತಾನೆ. ದನಿ ಎಲ್ಲಿ ಏರಲಾರದೋ ಅಲ್ಲಿ ಪಿಯಾನೋ ಏರುತ್ತದೆ. ನಮ್ಮಲ್ಲಿ ಒಳ್ಳೆಯ ಪೇಟಿ ಮಾಸ್ತರರು ಗಾಯಕ ಬಿಟ್ಟ ಜಾಗವನ್ನು ಮಾತ್ರ ತುಂಬುತ್ತಾರೆ ಎಂದು ನೀವು ಹೇಳುತ್ತಿದ್ದಿರಲ್ಲ, ಇಲ್ಲಿ ಗಾಯಕನೂ ಅವನೇ, ಪೇಟಿ ಮಾಸ್ತರನೂ ಅವನೇ.

ಶನಿವಾರದ ಆ ಮೂವರು ಹಾಡಿದ್ದರಲ್ಲಿ ಒಂದನ್ನು ಮಾತ್ರ ವಿವರವಾಗಿ ಹೇಳುತ್ತೇನೆ. "ವೇತೆ ದೆ ಮಿ" ಎಂಬುದು ಅರ್ಜೆಂಟೀನಾದ ಎಕ್ಸ್‌ಪೊಸಿತೋ ಸೋದರರು ಕಟ್ಟಿದ ಹಾಡು, "ನನ್ನ ಬಿಟ್ಟು ಹೋಗು" ಎಂದು ಅರ್ಥ. ಊರು ಬೇರೆಯಾದರೂ ಜನರ ಮನಸ್ಸಿನಲ್ಲಿ ಅದು ನಿಂತಿರುವುದು ಬೋಲಾನ ಗಂಟಲಿನಲ್ಲಿ. ಅದನ್ನು ಹಾಡಿದ ಹುಡುಗಿಯದು ಅಪ್ಪಟ ಮಂದ್ರದ ದನಿ, ಕಣ್ಣು ಮುಚ್ಚಿ ಕೇಳಿದರೆ ನಮ್ಮ ಶಾರದೆಯೇ. ಆತನ ಒಡಕನ್ನಾಗಲಿ, ನಗುವನ್ನಾಗಲಿ ಆಕೆ ಅನುಕರಿಸಲು ಹೋಗಲೇ ಇಲ್ಲ. ಕೊನೆಯ ಸಾಲಿಗೆ ಬಂದಾಗ ಪಿಯಾನೋದವಳು ಎರಡೂ ಕೈಗಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಆ ಸಾಲಷ್ಟನ್ನು ಹುಡುಗಿ ಬರಿಯ ದನಿಯಲ್ಲಿ, ಯಾರ ಕಿವಿಯಲ್ಲೋ ಹೇಳುವ ಹಾಗೆ ಹೇಳಿ ಮುಗಿಸಿದಳು. ಒಬ್ಬರೂ "ಓಲೆ" ಎನ್ನಲಿಲ್ಲ. ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕನ್ನಡಕ ತೆಗೆದು ಸೆರಗಿನಲ್ಲಿ, ಕ್ಷಮಿಸಿ, ಕೊರಳ ಬಟ್ಟೆಯಲ್ಲಿ ಒರೆಸಿಕೊಂಡರು.

ಆಮೇಲೆ ಹುಡುಕಿ ನೋಡಿದರೆ ಇದೇ ಹಾಡನ್ನು ದೊಡ್ಡ ದೊಡ್ಡವರು ಹಾಡಿದ್ದಾರೆ. ಬ್ರೆಜಿಲಿನ ಕಾಯೆತಾನೋ ವೆಲೋಸೋ 1994ರಲ್ಲಿ ರೇಷ್ಮೆಯಂಥ ದನಿಯಲ್ಲಿ ಹಾಡಿದರು. 2003ರಲ್ಲಿ ಕ್ಯೂಬಾದ ಹಿರಿಯ ಪಿಯಾನೋ ವಾದಕ ಬೇಬೋ ವಾಲ್ದೇಸ್, ಎಂಬತ್ತು ದಾಟಿದ ವಯಸ್ಸಿನಲ್ಲಿ, ಇದೇ ಮ್ಯಾಡ್ರಿಡ್ಡಿನಲ್ಲಿ ಹುಟ್ಟಿದ, ಫ್ಲಮೆಂಕೋ ಎಂಬ ಇಲ್ಲಿಯ ಸಾಂಪ್ರದಾಯಿಕ ಸಂಗೀತದ ಗಾಯಕ ದಿಯೇಗೋ ಎಲ್ ಸಿಗಾಲಾ ಜೊತೆ ಕೂತು ಹಾಡಿಸಿದರು. ಸಿಗಾಲಾನದು ಕೆರೆದ ಹಾಗಿರುವ ದನಿ, ಕೇಳಿದವರ ಎದೆಯನ್ನೂ ಅದು ಕೆರೆಯುತ್ತದೆ. ಇನ್ನು 2019ರಲ್ಲಿ ಸ್ಪೇನಿನ ಗಾಯಕಿ ಮಾರ್ತೀರಿಯೋ ಮತ್ತು ಕಾದಿಜ್ ಊರಿನ ಪಿಯಾನೋ ವಾದಕ ಚಾನೋ ದೊಮಿಂಗೆಸ್ ಬೋಲಾನಿಗೆಂದೇ ಒಂದು ಇಡೀ ಆಲ್ಬಂ ಅರ್ಪಿಸಿದ್ದಾರೆ. ಈಕೆ ಯಾವಾಗಲೂ ಕಪ್ಪು ಕನ್ನಡಕ ಹಾಕಿ, ತಲೆಗೆ ದೊಡ್ಡ ಬಾಚಣಿಗೆ ಸಿಗಿಸಿಕೊಂಡೇ ಹಾಡುವುದು, ಅವ್ವ ನೋಡಿದರೆ ಏನನ್ನುತ್ತಾಳೋ! ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಆಲ್ಬಂ. ಆತ ಒಬ್ಬನೇ ಮಾಡುತ್ತಿದ್ದ ಎರಡು ಕೆಲಸಗಳನ್ನು ಇಬ್ಬರು ಹಂಚಿಕೊಂಡು, ಒಬ್ಬರ ಮೇಲೊಬ್ಬರು ಬೀಳದೆ ನಡೆಸಿದ್ದಾರೆ. ಹಾಡು ಬೋಲಾನದು, ಆದರೆ ಪಿಯಾನೋದಲ್ಲಿ ಫ್ಲಮೆಂಕೋದ ನಡೆ ಸದ್ದಿಲ್ಲದೆ ಬಂದು ಸೇರಿಕೊಳ್ಳುತ್ತದೆ. ಗುರುವಿನ ಚೀಜನ್ನು, ಅಂದರೆ ಕಲಿಸಿದ ಹಾಡನ್ನು, ತನ್ನ ಗಂಟಲಿಗೆ ಹೊಂದಿಸಿಕೊಂಡು ಹಾಡಿದರೇ ಗುರುವಿಗೆ ಸಲ್ಲುವುದೆಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ಇವರು ಮಾಡಿ ತೋರಿಸಿದ್ದಾರೆ.

ಅಪ್ಪಾ, ಈಗ ನೀವೇ ಹೇಳಿ. ಗಂಗೂಬಾಯಿ ಹಾನಗಲ್ ಅವರ ಗಂಟಲಿನ ಬೇನೆಗೆ ಚಿಕಿತ್ಸೆಯಾದ ಮೇಲೆ ದನಿ ಗಡಸಾಯಿತಲ್ಲ, ಆ ದನಿಯ ಚಂದ್ರಕೌಂಸ ರಾಗ ಕೇಳಲೆಂದು ನೀವು ಹುಬ್ಬಳ್ಳಿಗೆ ಕಡೆಯ ಬಸ್ಸಿನಲ್ಲಿ ಹೋಗಿ, ಬೆಳಗಿನ ಬಸ್ಸಿಗೆ ಮರಳಿದವರಲ್ಲವೇ? ಅಂಥವರ ಮಗಳು "ಗಂಡಸಿನ ದನಿ" ಎಂಬ ಮಾತಿಗೆ ಪೇಟಿ ಮುಚ್ಚಬೇಕೇ? ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ನಿಮ್ಮ ಸಂಕಟ ನನಗೆ ಗೊತ್ತಿದೆ. ಅವಳಿಗೆ ಇಪ್ಪತ್ತಾರು ತುಂಬಿತೆಂದು ಅತ್ಯಾ ನಿತ್ಯ ನೆನಪಿಸುವುದೂ ಗೊತ್ತಿದೆ. ಆದರೂ ನನ್ನ ಬೇಡಿಕೆ ಇಷ್ಟು. ಪಾಠ ನಿಲ್ಲಿಸಬೇಡಿ. ಕಾಳಿ ನಾಲ್ಕರ ಎತ್ತರದ ಶ್ರುತಿಗೆ ಏರಿಸಿ ಹಾಡೆಂದು ಅವಳನ್ನು ಹಿಂಸಿಸದೆ, ಕಾಳಿ ಒಂದರ ತಗ್ಗು ಶ್ರುತಿಯಲ್ಲೇ ರಿಯಾಜು ಮಾಡಲು ಬಿಡುವಂತೆ ಅವಳ ಮಾಸ್ತರರಿಗೆ ನೀವೇ ಒಂದು ಮಾತು ಹೇಳಿ. ಸ್ಟುಡಿಯೋದಲ್ಲಿ ಬಣ್ಣ ತಿಳಿಯಾಗಿಸಿದ ಫೋಟೋವನ್ನು ಇನ್ನು ಯಾರಿಗೂ ಕಳಿಸಬೇಡಿ. ಮುಂದೆ ಬರುವವರಿಗೆ, ಹುಡುಗಿ ಹಾಡುತ್ತಾಳೆ, ಮದುವೆಯಾದ ಮೇಲೂ ಹಾಡುತ್ತಾಳೆ ಎಂದು ಮೊದಲೇ ಹೇಳಿಬಿಡಿ. ಅದಕ್ಕೆ ಒಪ್ಪಿ ಬರುವವರು ಇದ್ದೇ ಇರುತ್ತಾರೆ. ತಡವಾದರೆ ಆಗಲಿ, ಖರ್ಚಿನ ಚಿಂತೆ ನನಗೆ ಬಿಡಿ.

ಪೇಟಿಯ ತಿದಿಯಲ್ಲಿ ಗಾಳಿ ಸೋರುತ್ತಿದೆ ಎಂದು ಅವಳು ಹಿಂದೆ ಹೇಳಿದ್ದಳು. ಅದರ ರಿಪೇರಿಗೆಂದು ಇವತ್ತೇ ನಿಮ್ಮ ಖಾತೆಗೆ ಇನ್ನೂರು ಯೂರೋ ಹಾಕಿದ್ದೇನೆ, ಬೇರೆ ಯಾವುದಕ್ಕೂ ಬಳಸಬೇಡಿ. ಬೋಲಾನ ಹಾಡುಗಳನ್ನು ಅವಳ ಫೋನಿಗೂ ಕಳಿಸಿದ್ದೇನೆ. ಮೊದಲು "ದ್ರುಮೆ ನೆಗ್ರೀತಾ" ಕೇಳಲಿ. ಅದು ಕಪ್ಪು ಕೂಸನ್ನು ಮಲಗಿಸುವ ಜೋಗುಳ, ಮಾತು ತಿಳಿಯದಿದ್ದರೂ ನಡೆಯುತ್ತದೆ. ಅವ್ವನೂ ಕೇಳಲಿ.

ನನ್ನ ಬಗ್ಗೆ ಚಿಂತೆ ಏನೇನೂ ಬೇಡ. ಕೆಲಸ ಚೆನ್ನಾಗಿದೆ, ಆರೋಗ್ಯ ಚೆನ್ನಾಗಿದೆ, ಚಳಿಗೆ ದಪ್ಪ ಕೋಟು ಕೊಂಡಿದ್ದೇನೆ, ಕಾಲುಚೀಲ ಎರಡೆರಡು ಹಾಕುತ್ತೇನೆ, ಲಾವಾಪಿಯೆಸ್ ಓಣಿಯ ಅಂಗಡಿಯಲ್ಲಿ ಬೇಳೆ, ಜೀರಿಗೆ, ಅರಿಶಿನ ಎಲ್ಲ ಸಿಗುತ್ತದೆ. ಜೋಳದ ಹಿಟ್ಟು ಮಾತ್ರ ಸಿಗುವುದಿಲ್ಲ, ಅದಕ್ಕೂ ಚಿಂತೆ ಬೇಡ. ಕೆಮ್ಮು ಪೂರ್ತಿ ವಾಸಿಯಾಗಿದೆ, ಫೋನಿನಲ್ಲಿ ಕೇಳಿಸಿದ್ದು ಏನೂ ಅಲ್ಲ. ನೀವು ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಉಳಿದದ್ದು ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ಕಾಕಾನ ಪ್ಲಾಟಿನ ವಿಷಯ ಭಾನುವಾರ ಫೋನಿನಲ್ಲಿ ಮಾತಾಡೋಣ. ಶಾರದೆಗೆ ಆಶೀರ್ವಾದ. ಪೇಟಿ ತೆರೆದ ದಿನ ನನಗೆ ಒಂದು ಮಿಸ್ಡ್ ಕಾಲ್ ಕೊಡಲಿ.

ಇಂತಿ ನಿಮ್ಮ ಮಗ,
ರಾಘು