ವಯಸ್ಸಾದವರ ಶುಗರ್ ಇಳಿದರೂ ಅಪಾಯವೇ

ಸಂಪಾದಕರೇ,

ಪತ್ರಿಕೆಗಳಲ್ಲಿ ಸಕ್ಕರೆ ಕಾಯಿಲೆ ಬಗ್ಗೆ ಬರುವ ಲೇಖನಗಳೆಲ್ಲ ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತವೆ. ಶುಗರ್ ಇಳಿಸಿ, ಅನ್ನ ಬಿಡಿ, ವಾಕಿಂಗ್ ಮಾಡಿ. ನಲವತ್ತು ಐವತ್ತರವರಿಗೆ ಸರಿ. ಎಂಬತ್ತರ ಅಜ್ಜಿಗೂ ಅದನ್ನೇ ಹೇಳಿದರೆ ಹೇಗೆ? ತಾಲ್ಲೂಕು ಊರೊಂದರಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವವನು ನಾನು. ಈ ವಯಸ್ಸಿನವರ ಮನೆಯವರಿಗೆ ಶುಗರ್ ಏರುವುದರ ಭಯ ಬೇಕಾದಷ್ಟಿದೆ. ಇಳಿಯುವುದರ ಬಗ್ಗೆ ಮಾತ್ರ ಯಾರೂ ಹೇಳಿಲ್ಲ.

ಬೆಂಗಳೂರಿನಿಂದ ಮಗ ಫೋನ್ ಮಾಡಿ ‘ಫಾಸ್ಟಿಂಗ್ ಎಷ್ಟು ಬಂತಪ್ಪಾ’ ಅಂತಾನೆ. 85 ಅಂದರೆ ಖುಷಿ. 160 ಅಂದರೆ ಬೈಗುಳ. ಆ 85 ಬೆಳಿಗ್ಗೆ ಏಳು ಗಂಟೆಯದು, ರಾತ್ರಿ ಎರಡು ಗಂಟೆಗೆ ಎಷ್ಟಿತ್ತೋ ಯಾರಿಗೆ ಗೊತ್ತು? 70ಕ್ಕಿಂತ ಕೆಳಗಿಳಿದರೆ ಲೋ ಶುಗರ್. ಬೆವರು, ಕೈ ನಡುಕ ಬರುತ್ತೆ ಅಂತ ಎಲ್ಲರೂ ಓದಿರುತ್ತಾರೆ. ವಯಸ್ಸಾದವರಲ್ಲಿ ಎಷ್ಟೋ ಸಲ ಅದ್ಯಾವುದೂ ಕಾಣಿಸುವುದಿಲ್ಲ. ಬಿಪಿಗೆ ಅಂತ ತಗೊಳ್ಳುವ ಕೆಲವು ಮಾತ್ರೆಗಳು ನಡುಕವನ್ನೂ ಎದೆಬಡಿತವನ್ನೂ ಮುಚ್ಚಿಬಿಡುತ್ತವೆ. ಕಾಣುವುದು ಏನು? ಮಾತು ತಪ್ಪುತ್ತೆ, ಸಂಬಂಧವಿಲ್ಲದ್ದು ಹೇಳುತ್ತಾರೆ, ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ಮನೆಯವರು ಅರಳು ಮರಳು ಅಂದುಕೊಂಡು ಸುಮ್ಮನಾಗುತ್ತಾರೆ. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದರೂ ಅವತ್ತು ಶುಗರ್ ಎಷ್ಟಿತ್ತು ಅಂತ ಕೇಳುವವರು ಕಮ್ಮಿ.

ನನ್ನ ಕೌಂಟರಿಗೆ ಬರುವ ಚೀಟಿಗಳನ್ನು ನೋಡಬೇಕು ನೀವು. ಮಡಿಕೆ ಮಡಿಕೆಯಲ್ಲೂ ಹರಿದು ಸೆಲ್ಲೋಟೇಪ್ ಹಚ್ಚಿರುತ್ತಾರೆ, ತಾರೀಖು ಅಳಿಸಿಹೋಗಿರುತ್ತೆ. ಅದನ್ನೇ ತೋರಿಸಿ ‘ಅದೇ ಮಾತ್ರೆ ಕೊಡಪ್ಪಾ’ ಅಂತಾರೆ. ಆ ಚೀಟಿ ಬರೆದಾಗ ಅವರು ಎರಡು ಮುದ್ದೆ ಉಣ್ಣುತ್ತಿದ್ದರು. ಈಗ ಹಲ್ಲಿಲ್ಲ, ಹೆಂಡತಿ ತೀರಿಕೊಂಡಿದ್ದಾರೆ, ರಾತ್ರಿ ಅರ್ಧ ಲೋಟ ಗಂಜಿ ಕುಡಿದು ಮಲಗುತ್ತಾರೆ. ಮೈ ಇಳಿದಿದೆ, ಕಿಡ್ನಿ ನಿಧಾನ ಆಗಿದೆ, ಅಂದರೆ ನುಂಗಿದ ಔಷಧಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ. ಮಾತ್ರೆ ಮಾತ್ರ ಅದೇ, ಡೋಸೂ ಅದೇ. ಏಕಾದಶಿ, ಶಿವರಾತ್ರಿಗೆ ಉಪವಾಸ ಇದ್ದರೂ ಮಾತ್ರೆ ತಪ್ಪಿಸಲ್ಲ ಅಂತ ಹೆಮ್ಮೆಯಿಂದ ಹೇಳುವವರೂ ಇದ್ದಾರೆ!

ಎಲ್ಲ ಮಾತ್ರೆಯೂ ಹೀಗಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತಗೊಂಡರೆ ಶುಗರ್ ತೀರಾ ಇಳಿಯುವುದು ಅಪರೂಪ. ಇಳಿಸುವುದು ಇನ್ಸುಲಿನ್, ಮತ್ತೆ ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಜಾತಿಯವು. ವಯಸ್ಸಾದವರಿಗೆ ಗ್ಲಿಬೆನ್‌ಕ್ಲಮೈಡ್ ಬೇಡ ಅಂತ ವೈದ್ಯರ ಮಾರ್ಗಸೂಚಿಗಳೇ ಹೇಳಿ ಎಷ್ಟೋ ವರ್ಷ ಆಯಿತು. ಅಗ್ಗ ಅಂತ ಬರೆಯುತ್ತಿದ್ದರು, ಒಪ್ಪೋಣ. ಈಗ ಶುಗರನ್ನು ತೀರಾ ಇಳಿಸುವುದು ಅಪರೂಪವಾಗಿರುವ ವಿಲ್ಡಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್ ಮಾತ್ರೆಗಳಿವೆ, ಎರಡರ ಪೇಟೆಂಟೂ ಮುಗಿದಿದೆ, ಎರಡನೆಯದು 2022ರಲ್ಲಿ. ಬೆಲೆ ಚೆನ್ನಾಗಿ ಇಳಿದಿದೆ, ಜನೌಷಧಿಯಲ್ಲೂ ಸಿಗುತ್ತೆ. ಎಲ್ಲರಿಗೂ ಇವೇ ಹೊಂದುತ್ತವೆ ಅಂತಲ್ಲ, ಆದರೆ ಡಾಕ್ಟರನ್ನು ಕೇಳಿ ನೋಡಬಹುದು ಅಲ್ವಾ?

ಇನ್ಸುಲಿನ್‌ದು ಇನ್ನೊಂದು ಕಥೆ. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಮಾಮೂಲಿ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್, ಇನ್ಸುಲಿನ್ ಚುಚ್ಚುವ ಪೆನ್ನಿನ ಕಾರ್ಟ್ರಿಜ್ ಎಂಎಲ್‌ಗೆ 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ 40ರದು, ಕಿತ್ತಳೆ ಮುಚ್ಚಳದ್ದು 100ರದು. ಪೆನ್ ಕೆಟ್ಟಿತು ಅಂತ ಕಾರ್ಟ್ರಿಜ್‌ನ ಔಷಧಿಯನ್ನೇ ಕೆಂಪು ಸಿರಿಂಜಿನಲ್ಲಿ ಎಳೆದು ಹಾಕಿಕೊಂಡರೆ ಎರಡೂವರೆ ಪಟ್ಟು ಮೈಗೆ ಹೋಯಿತು ಅಂತ ಲೆಕ್ಕ. ಪೊರೆ ಬಂದ ಕಣ್ಣಿಗೆ ಈ ಮುಚ್ಚಳದ ಬಣ್ಣ ಎಲ್ಲಿ ಕಾಣಬೇಕು? ಸಿರಿಂಜನ್ನು ಮಗನೋ ಸೊಸೆಯೋ ಒಂದು ಸಲ ನೋಡಲಿ.

ಶುಗರ್ ಇಳಿದಿದೆ ಅನಿಸಿದರೆ, ನುಂಗುವಷ್ಟು ಎಚ್ಚರ ಇದ್ದರೆ, ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಲ್ಲಿ ಕದಡಿ ಕುಡಿಸಿ. ಕಾಲು ಗಂಟೆ ಬಿಟ್ಟು ಮತ್ತೆ ಚೆಕ್ ಮಾಡಿ, ಏರಿರದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಗ್ಲಿಮಿಪಿರೈಡ್ ಜಾತಿಯ ಮಾತ್ರೆಯಿಂದ ಇಳಿದದ್ದಾದರೆ ಎದ್ದು ಕೂತರು ಅಂತ ನೆಮ್ಮದಿಯಾಗಬೇಡಿ, ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು.

ಇದನ್ನೆಲ್ಲ ಓದಿ ಮಾತ್ರೆ ಬಿಟ್ಟು ಜಿಲೇಬಿ ತಿನ್ನಬೇಡಿ. 300, 400 ಆದರೆ ಮೈ ನೀರೆಲ್ಲ ಹೋಗಿ ಅದೂ ಜೀವಕ್ಕೇ ಬರುತ್ತೆ. ನಾನು ಹೇಳುವುದು ಗುರಿಯ ಬಗ್ಗೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಗಟ್ಟಿಮುಟ್ಟಾಗಿರುವ ಹಿರಿಯರಿಗೆ ಶೇಕಡಾ 7ರ ಆಸುಪಾಸು, ನಾಲ್ಕಾರು ಕಾಯಿಲೆ ಇರುವವರಿಗೆ 8ರವರೆಗೂ ನಡೆಯುತ್ತೆ ಅಂತ ಅಮೆರಿಕದ ಡಯಾಬಿಟಿಸ್ ಸಂಘವೇ ಹೇಳುತ್ತೆ. ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ‘ಅಕಾರ್ಡ್’ ಅಧ್ಯಯನದಲ್ಲಿ ಈ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ಇಳಿಸಲು ಹೊರಟ ಗುಂಪಿನಲ್ಲೇ ಸಾವು ಹೆಚ್ಚಾಗಿ, 2008ರಲ್ಲಿ ಆ ಪ್ರಯತ್ನವನ್ನು ಅರ್ಧಕ್ಕೇ ನಿಲ್ಲಿಸಿದರು.

2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಶುಗರ್, ಬಿಪಿ ನೋಡುತ್ತಾರೆ. ಒಳ್ಳೆಯ ಕೆಲಸ. ವಯಸ್ಸಾದವರಿರುವ ಮನೆಯಲ್ಲಿ ಅವರು ಇನ್ನೆರಡು ಪ್ರಶ್ನೆ ಕೇಳಲಿ: ಈಚೆಗೆ ಬಿದ್ದಿದ್ರಾ? ಹೊತ್ತಲ್ಲದ ಹೊತ್ತಲ್ಲಿ ಗಲಿಬಿಲಿ ಆಗಿತ್ತಾ? ಹೌದು ಅಂದರೆ ಮಾತ್ರೆ ಚೀಟಿ ಸಮೇತ ಡಾಕ್ಟರ ಹತ್ತಿರ ಕಳಿಸಲಿ. ಡಾಕ್ಟರುಗಳೂ ಚೀಟಿಯಲ್ಲಿ ‘ಇಂಥ ತಿಂಗಳವರೆಗೆ ಮಾತ್ರ’ ಅಂತ ದೊಡ್ಡದಾಗಿ ಬರೆಯಲಿ. ಹಾಗೆ ಬರೆದಿದ್ದರೆ ಹಳೇ ಚೀಟಿಗೆ ಮಾತ್ರೆ ಕೊಡಲ್ಲ ಅನ್ನೋಕೆ ನಮ್ಮಂಥ ಅಂಗಡಿಯವರಿಗೂ ಧೈರ್ಯ ಬರುತ್ತೆ.

ಇತಿ,
ಔಷಧಿ ಅಂಗಡಿಯವನೊಬ್ಬ, ತುಮಕೂರು ಜಿಲ್ಲೆ