ಮಾಡು (ಚಾವಣಿ) ತೆರೆಯುವ ಕಾರಿನ ಬಗ್ಗೆ ಮಗಳಿಗೊಂದು ಪತ್ರ

ಸಂತೆಕಟ್ಟೆ, ಉಡುಪಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಮೊನ್ನೆ ಕಳಿಸಿದ ಕೆಂಪು ಬಿಎಂಡಬ್ಲ್ಯು ಜಡ್4 ಕಾರಿನ ಫೋಟೋಗಳನ್ನು ಮತ್ತೆ ಮತ್ತೆ ತೆರೆದು ನೋಡಿದೆ. ಅಪ್ಪ ಒಮ್ಮೆ ನೋಡಿ, ಎರಡೇ ಸೀಟಿನ ಕಾರಿನಲ್ಲಿ ಅಜ್ಜಿಯನ್ನು ದೇವಸ್ಥಾನಕ್ಕೆ ಕರೆದೊಯ್ಯುವುದು ಹೇಗೆಂದು ಕೇಳಿ ಸುಮ್ಮನಾದರು. ಅದಕ್ಕೆ ಮನೆಯ ಹಳೆಯ ಕಾರು ಇದ್ದೇ ಇದೆ ಎಂದು ನಾನೇ ಉತ್ತರ ಕೊಟ್ಟೆ. ಎಂಟು ವರ್ಷ ಬೆಂಗಳೂರಿನಲ್ಲಿ ದುಡಿದು, ಓದಿನ ಸಾಲವನ್ನೆಲ್ಲ ತೀರಿಸಿ, ಈಗ ಮಣಿಪಾಲದ ಕೆಲಸಕ್ಕೆಂದು ಊರಿಗೆ ಮರಳುತ್ತಿರುವ ನೀನು ಮನಸ್ಸಿಗೆ ಹಿಡಿದ ಒಂದು ಕಾರನ್ನು ಕೊಳ್ಳಬೇಕೆಂದೇ ನನ್ನ ಆಸೆ. ಆದರೆ ದೆಹಲಿಯಲ್ಲಿರುವ ಆ ಕಾರನ್ನು ಮಾತ್ರ ಕೊಳ್ಳಬೇಡ. ಕಾರಣಗಳನ್ನು ಫೋನಿನಲ್ಲಿ ಒಂದೇ ಉಸಿರಿಗೆ ಹೇಳಲು ಆಗುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

2006ರಲ್ಲಿ ನಾವು ಕೊಂಡ ಬಿಳಿ ಕಾರು ನಿನಗೆ ನೆನಪಿರಬಹುದು. ದಲ್ಲಾಳಿಯೊಬ್ಬರ ಮೂಲಕ ಮುಂಬೈಯಿಂದ ಬಂದ ಕಾರು ಅದು. ಬೆಲೆ ಕಡಿಮೆ, ಸೀಟುಗಳಿಗೆ ಹೊಸ ಹೊದಿಕೆ, ಬಣ್ಣವೂ ಹೊಳೆಯುತ್ತಿತ್ತು. ಅದಕ್ಕೂ ಹಿಂದಿನ ವರ್ಷ, 2005ರ ಜುಲೈ 26ರಂದು, ಮುಂಬೈಯಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದು ಲೆಕ್ಕವಿಲ್ಲದಷ್ಟು ವಾಹನಗಳು ಮುಳುಗಿದ್ದವು ಎಂಬುದು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕುಳಿತಿದ್ದ ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ನಾನು ಎರಡನ್ನೂ ಕೂಡಿಸಿ ನೋಡಲಿಲ್ಲ. ಮೊದಲ ಮಳೆಗಾಲದಲ್ಲಿ ಎಸಿ ಹಾಕಿದಾಗಲೆಲ್ಲ ಒದ್ದೆ ಗೋಣಿಚೀಲದ ವಾಸನೆ ಬರುತ್ತಿತ್ತು. ಮಂಗಳೂರಿಗೆ ಹೋಗುವಾಗ ಕಾಪು ತಲುಪುವಷ್ಟರಲ್ಲಿ ನಿನಗೆ ವಾಂತಿಯಾಗುತ್ತಿತ್ತು. ಮಗುವಿಗೆ ಕಾರಿನ ಪ್ರಯಾಣ ಒಗ್ಗುವುದಿಲ್ಲವೆಂದು ನಾವು ಭಾವಿಸಿದೆವು. ಕಿಟಕಿಗಳು ತಾವಾಗಿಯೇ ಇಳಿಯತೊಡಗಿದ ಮೇಲೆ ಗ್ಯಾರೇಜಿನ ಹುಡುಗನೊಬ್ಬ ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದು ನನ್ನ ಕೈಗೆ ಕೊಟ್ಟ. ಯಾರೂ ಎಂದೂ ಹೊರಗೆಳೆಯದ ಆ ಕೊನೆಯ ಒಂದು ಗೇಣಿನಲ್ಲಿ ಗೆರೆ ಎಳೆದಂತೆ ಕೆಸರಿನ ಕಲೆ ಇತ್ತು. ಉಗುರಿನಿಂದ ಕೆರೆದಾಗ ನಯವಾದ ಬೂದು ಪುಡಿ ಬೆರಳಿಗೆ ಅಂಟಿತು. ಅದು ನಮ್ಮ ಊರಿನ ಕೆಂಪು ಮಣ್ಣಾಗಿರಲಿಲ್ಲ. ದಿನವೂ ಬೇರೆಯವರ ಮುಳುಗಿದ ಕಾರುಗಳ ಕಡತ ತಿರುವುತ್ತಿದ್ದ ನಾನು ನನ್ನ ಮಗುವನ್ನು ಕೂರಿಸುವ ಕಾರಿನ ಬೆಲ್ಟನ್ನು ಎಳೆದು ನೋಡಿರಲಿಲ್ಲವೆಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ಮೊದಲ ಮಾತು: ಯಾವ ಕಾರನ್ನು ನೋಡಲು ಹೋದರೂ ಬೆಲ್ಟುಗಳನ್ನು ಪೂರ್ತಿ ಎಳೆದು ನೋಡು. ಸೀಟಿನ ಅಡಿಯ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ಎಂದು ಟಾರ್ಚು ಹಾಕಿ ನೋಡು. ಡಿಕ್ಕಿಯೊಳಗಿನ ಮ್ಯಾಟನ್ನು ಎತ್ತಿ ಅಂಗೈಯನ್ನು ತಗಡಿನ ಮೇಲೆ ಒತ್ತಿ ತೇವವಿದೆಯೇ ಎಂದು ತಿಳಿ.

ದೆಹಲಿಯ ಕಾರಿನ ಬೆಲೆ ಬೆಂಗಳೂರಿನ ಕಾರುಗಳಿಗಿಂತ ಕಡಿಮೆ ಇರುವುದಕ್ಕೆ ಕಾರಣವಿದೆ. ರಾಜಧಾನಿ ವಲಯದಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲಿನ ನಿರ್ಬಂಧದ ಭಯದಿಂದ ಅಲ್ಲಿನವರು ಹಳೆಯ ಕಾರುಗಳನ್ನು ಬೇಗ ಕೈದಾಟಿಸುತ್ತಾರೆ. ನೀನು ಅದನ್ನು ಇಲ್ಲಿಗೆ ತಂದರೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಪಡೆದು, ಇಲ್ಲಿ ಮರುನೋಂದಣಿ ಮಾಡಿಸಿ, ಕರ್ನಾಟಕದ ಆಜೀವ ತೆರಿಗೆಯನ್ನು ಕಟ್ಟಬೇಕು. 20 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಕಾರುಗಳಿಗೆ ಆ ತೆರಿಗೆ ಶೇಕಡಾ 18. ತೆರಿಗೆಯ ಮೇಲೆ ಮತ್ತೆ ಶೇಕಡಾ 11ರ ಸೆಸ್. ಕಾರಿನ ವಯಸ್ಸಿಗೆ ತಕ್ಕಂತೆ ಕಡಿತ ಸಿಗುತ್ತದೆಯಾದರೂ ಲೆಕ್ಕ ಶುರುವಾಗುವುದು ನೀನು ಕೊಡುವ ಬೆಲೆಯಿಂದಲ್ಲ, ಅದು ಹೊಸದಾಗಿದ್ದಾಗಿನ ಬೆಲೆಯಿಂದ. ಅಗ್ಗವೆಂದು ಕಂಡದ್ದು ಅಲ್ಲಿಗೇ ಕರಗಿಹೋಗುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ಕಾರಾದರೆ ಈ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ; ಕಾರಿನ ಜಾತಕವನ್ನು ವಿಚಾರಿಸುವುದೂ ಸುಲಭ. ಇನ್ನೊಂದು ವಿಷಯ, ಆರ್‌ಸಿಯ, ಅಂದರೆ ನೋಂದಣಿ ಪತ್ರದ ಅವಧಿ ಹದಿನೈದು ವರ್ಷ. 2013ರ ಕಾರಾದರೆ 2028ರಲ್ಲಿ ಅದನ್ನು ಮತ್ತೆ ತಪಾಸಣೆಗೆ ಒಯ್ದು ನೋಂದಣಿಯನ್ನು ನವೀಕರಿಸಬೇಕಾಗುತ್ತದೆ.

ಇನ್ನು ನೀನು ಮೆಚ್ಚಿದ ಬಿಎಂಡಬ್ಲ್ಯು ಜಡ್4 ಬಗ್ಗೆ. ಅದರ ಇತ್ತೀಚಿನ ತಲೆಮಾರು ನಮ್ಮ ಅಳವಿಗೆ ಮೀರಿದ್ದು, ಅದರ ಮಾಡು ಬಟ್ಟೆಯದು. ನಮ್ಮ ಆಷಾಢದ ಬೂಷ್ಟನ್ನು ನೆನೆದರೆ ಬಟ್ಟೆಯ ಮಾಡಿನ ಕಾರು ನನಗೆ ಒಪ್ಪಿಗೆಯಾಗುವುದಿಲ್ಲ. ನೀನು ನೋಡುತ್ತಿರುವುದು 2009ರಿಂದ 2016ರವರೆಗೆ ತಯಾರಾದ ತಲೆಮಾರು. ಆ ಕಾರಿನ ಹೊರರೂಪವನ್ನು ಯೂಲಿಯಾನೆ ಬ್ಲಾಸಿ, ಒಳರೂಪವನ್ನು ನಾದ್ಯಾ ಅರ್ನೌಟ್ ಎಂಬ ಇಬ್ಬರು ಮಹಿಳೆಯರು ವಿನ್ಯಾಸಗೊಳಿಸಿದರೆಂದು ತಿಳಿದಾಗ ನನಗಾದ ಸಂತೋಷವನ್ನು ನಿನಗೆ ಹೇಳಲೇಬೇಕು. ಕಾರಿನ ಲೋಕದಲ್ಲಿ ನಾನು ಕಳೆದ ಅಷ್ಟೂ ವರ್ಷ ನನ್ನ ಮೇಜಿನ ಮುಂದೆ ಕುಳಿತ ಸರ್ವೇಯರು, ಮೆಕ್ಯಾನಿಕ್ಕು, ಮಾಲೀಕರೆಲ್ಲ ಗಂಡಸರೇ ಆಗಿದ್ದರು. ಉದ್ದನೆಯ ಮೂತಿಯಿಂದ ಹಿಂದಿನ ಚಕ್ರದವರೆಗೆ ಹರಿಯುವ ಆ ಗೆರೆಯನ್ನು ಒಬ್ಬ ಹೆಣ್ಣುಮಗಳು ಎಳೆದಳೆಂದು ತಿಳಿದ ಮೇಲೆ ಫೋಟೋವನ್ನು ಮತ್ತೊಮ್ಮೆ ತೆರೆದೆ.

ಆ ಕಾರಿನ ಮಾಡು ಅಲ್ಯೂಮಿನಿಯಂನದು. ಎರಡು ತುಂಡುಗಳಾಗಿ ಮಡಚಿಕೊಂಡು ಸುಮಾರು ಇಪ್ಪತ್ತು ಸೆಕೆಂಡಿನಲ್ಲಿ ಡಿಕ್ಕಿಯೊಳಗೆ ಇಳಿಯುತ್ತದೆ. ಆಗ 310 ಲೀಟರಿನ ಡಿಕ್ಕಿ 180 ಲೀಟರಿಗೆ ಕುಗ್ಗುತ್ತದೆ. ನಮ್ಮ ಕರಾವಳಿಯಲ್ಲಿ ಇಂಥ ಕಾರನ್ನು ಎಂಜಿನ್ನಿಗಿಂತ ಮೊದಲು ಮಾಡಿನಿಂದ ಪರೀಕ್ಷಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮಾಡಿನ ಸಂದಿಗೆ ಇಳಿದ ಮಳೆನೀರು ಸಣ್ಣ ಕೊಳವೆಗಳ ಮೂಲಕ ನೆಲಕ್ಕೆ ಹರಿದುಹೋಗುವ ಏರ್ಪಾಡು ಇರುತ್ತದೆ. ಮಳೆಗಾಲಕ್ಕೆ ಮೊದಲು ನಮ್ಮ ಹೆಂಚಿನ ಮಾಡಿನ ದಂಬೆಯಿಂದ ತರಗೆಲೆ ತೆಗೆಯದಿದ್ದರೆ ನೀರು ಚಾವಡಿಗೆ ಬೀಳುವ ಹಾಗೆ, ಆ ಕೊಳವೆಗಳಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಕಾರಿನೊಳಗೆ ನುಗ್ಗುತ್ತದೆ. ಇದಕ್ಕೂ ಹಿಂದಿನ ತಲೆಮಾರಿನ ಜಡ್4ನಲ್ಲಿ ಮಾಡನ್ನು ಎತ್ತುವ ಮೋಟಾರು ನೀರು ನಿಲ್ಲುವ ಜಾಗದಲ್ಲೇ ಇದ್ದುದರಿಂದ, ಕೊಳವೆ ಕಟ್ಟಿ ಮೋಟಾರು ಮುಳುಗಿ ಕೆಡುವುದು ಆ ಕಾರಿನ ಹೆಸರಿಗೇ ಅಂಟಿದ ದೂರಾಗಿತ್ತು. ಆದ್ದರಿಂದ ಮಾರುವವರ ಅನುಮತಿ ಪಡೆದು ಮಾಡಿನ ಸಂದಿನಲ್ಲಿ ಒಂದು ಚೆಂಬು ನೀರನ್ನು ನಿಧಾನವಾಗಿ ಸುರಿದು, ಅದು ಕಾರಿನ ಅಡಿಯಿಂದ ನೆಲಕ್ಕೆ ಬೀಳುತ್ತದೆಯೇ ಎಂದು ಬಗ್ಗಿ ನೋಡು. ಅನಂತರ ಮಾಡನ್ನು ಮೂರು ಸಲ ತೆರೆದು ಮುಚ್ಚಿಸು. ಮೂರನೆಯ ಸಲವೂ ಅದೇ ವೇಗದಲ್ಲಿ, ತಡವರಿಸದೆ ಮುಚ್ಚಬೇಕು. ಸುತ್ತಲಿನ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಮೆತ್ತಗಿರಬೇಕು, ಒಣಗಿದ ಹುಣಸೆ ಸಿಪ್ಪೆಯಂತೆ ಬಿರಿಯಬಾರದು.

ಎಂಜಿನ್ ವಿಷಯದಲ್ಲಿ ನಾನು ಹೇಳುವುದು ಕಡಿಮೆ. ನಮ್ಮ ದೇಶದಲ್ಲಿ ಮಾರಾಟವಾದ 35ಐ ಮಾದರಿಯಲ್ಲಿ ಮೂರು ಲೀಟರಿನ, ಆರು ಸಿಲಿಂಡರಿನ, ಎರಡು ಟರ್ಬೋಗಳ, 306 ಅಶ್ವಶಕ್ತಿಯ ಎಂಜಿನ್ ಇದೆ. ಅದರ ವಿದ್ಯುತ್ ಚಾಲಿತ ವಾಟರ್ ಪಂಪ್ ವಯಸ್ಸಾದಂತೆ ಮುನ್ಸೂಚನೆಯಿಲ್ಲದೆ ನಿಂತುಬಿಡುತ್ತದೆ, ಹೆಚ್ಚಿನ ಒತ್ತಡದ ಪೆಟ್ರೋಲ್ ಪಂಪೂ ತೊಂದರೆ ಕೊಡುತ್ತದೆ. ಇವೆರಡನ್ನು ಬದಲಿಸಿದ ಬಿಲ್ಲು ಇದ್ದರೆ ಅದು ಹೊಸ ಬಣ್ಣಕ್ಕಿಂತ ಬೆಲೆಯುಳ್ಳದ್ದು. ಕಾರನ್ನು ನೋಡಲು ಬೆಳಿಗ್ಗೆಯೇ ಹೋಗು, ನೀನು ಬರುವ ಮೊದಲು ಎಂಜಿನ್ ಚಾಲೂ ಮಾಡಬಾರದೆಂದು ತಿಳಿಸಿ ಹೋಗು. ತಣ್ಣಗಿರುವ ಎಂಜಿನ್ನಿನ ಮೊದಲ ಸದ್ದು, ಮೊದಲ ಹೊಗೆ ಸುಳ್ಳು ಹೇಳುವುದಿಲ್ಲ. ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆಯೆಂದೇ ಅರ್ಥ. ಮೀಟರಿನ ಕಿಲೋಮೀಟರನ್ನು ಮಾತ್ರ ನಂಬಬೇಡ. ಈ ಕಂಪನಿಯ ಕಾರುಗಳಲ್ಲಿ ಓಡಿದ ದೂರದ ಲೆಕ್ಕ ಕೀಲಿಯೊಳಗೂ ದಾಖಲಾಗಿರುತ್ತದೆ. ಸರ್ವಿಸ್ ಕೇಂದ್ರದಲ್ಲಿ ಕೀಲಿಯನ್ನು ಓದಿಸಿ ಎರಡನ್ನೂ ತಾಳೆ ನೋಡು. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದು. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು; ಟೈರಿನ ಗೀರುಗಳು ಆಳವಾಗಿಯೇ ಕಂಡರೂ ಆ ರಬ್ಬರು ನಮ್ಮ ಮಳೆಯ ರಸ್ತೆಗೆ ಬೇಡ. ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ ಹೋಗುವ ಕಾರು ಇದಾದ್ದರಿಂದ ಒದ್ದೆಯಾದ ತಿರುವಿನಲ್ಲಿ ಹಳೆಯ ಟೈರು ಎಷ್ಟು ಅಪಾಯವೆಂದು ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಕಂಡಿರುವ ನಿನಗೆ ವಿವರಿಸಬೇಕಾಗಿಲ್ಲ.

ನನ್ನನ್ನೇ ಆರಿಸಲು ಬಿಟ್ಟಿದ್ದರೆ ಆಡಿ ಟಿಟಿಯ ಕೂಪೆಯನ್ನು ಆರಿಸುತ್ತಿದ್ದೆ. ಮಾಡು ತೆರೆಯುವುದಿಲ್ಲ, ಆದ್ದರಿಂದ ಸೋರುವ ಚಿಂತೆಯೂ ಕಡಿಮೆ. ಕ್ವಾಟ್ರೋ ಮಾದರಿಯಲ್ಲಿ ನಾಲ್ಕೂ ಚಕ್ರಗಳಿಗೆ ಬಲ ಸಿಗುತ್ತದೆ. ಎರಡನೆಯ ತಲೆಮಾರಿನಿಂದ ಅದರ ಮೈಯ ಬಹುಭಾಗ ಅಲ್ಯೂಮಿನಿಯಂ ಆಗಿರುವುದು ಉಪ್ಪುಗಾಳಿಯ ಊರಿಗೆ ಒಳ್ಳೆಯದು. 2023ರಲ್ಲಿ ಅದರ ತಯಾರಿಕೆಯೇ ನಿಂತಿತು. ಆದರೆ ನಿನಗೆ ಬೇಕಾದದ್ದು ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ಇರುವಾಗ ತಲೆಯ ಮೇಲೆ ಆಕಾಶ ಎಂದು ನೀನು ಬರೆದದ್ದನ್ನು ಓದಿದ ಮೇಲೆ ಆ ಮಾತನ್ನು ನಾನು ಒತ್ತಿ ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡು ಮುಚ್ಚಿಯೇ ಇರುತ್ತದೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ಸೆಕೆ. ಉಳಿದ ತಿಂಗಳುಗಳ ಮುಂಜಾನೆ, ಸಂಜೆಗಳು ನಿನ್ನವು.

ವಿಮೆಯ ವಿಷಯವನ್ನು ಮಾತ್ರ ನನ್ನ ಮಾತಿನಂತೆಯೇ ನಡೆಸಬೇಕು. ಮಾರುವವರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅವರೊಂದಿಗೇ ಹೋಗುತ್ತದೆ, ಕಾರಿನೊಂದಿಗೆ ಬರುವುದಿಲ್ಲ. ಆದ್ದರಿಂದ ಅವರ ಈಗಿನ ಪ್ರೀಮಿಯಂ ನೋಡಿ ನಿನ್ನ ಖರ್ಚನ್ನು ಲೆಕ್ಕ ಹಾಕಬೇಡ. ಕಾರು ಕೈಗೆ ಬಂದ ಹದಿನಾಲ್ಕು ದಿನಗಳೊಳಗೆ ಪಾಲಿಸಿಯನ್ನು ನಿನ್ನ ಹೆಸರಿಗೆ ಬದಲಿಸಲು ಅರ್ಜಿ ಕೊಡದಿದ್ದರೆ ನಿನ್ನ ಕಾರಿಗೆ ಆದ ಹಾನಿಗೆ ಹಣ ಸಿಗದೆ ಹೋಗಬಹುದು. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಕ್ಲೇಮಿನಲ್ಲಿ ಅರ್ಧ ಬೆಲೆ ಕಡಿತವಾಗುತ್ತದೆ. ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿಗಳಿಗೆ ವಯಸ್ಸು ಎಷ್ಟೇ ಇರಲಿ ಅರ್ಧ. ಮುಖ್ಯವಾದುದು ನೀರು. ಮಂಗಳೂರಿನ ಕೊಟ್ಟಾರದಲ್ಲೋ ಪಡೀಲಿನ ಕೆಳಸೇತುವೆಯಲ್ಲೋ ನೀರಿನ ನಡುವೆ ಕಾರು ನಿಂತರೆ ಸ್ಟಾರ್ಟ್ ಗುಂಡಿಯನ್ನು ಮತ್ತೆ ಒತ್ತಲೇಬಾರದು. ಎಂಜಿನ್ನಿನೊಳಗೆ ಹೋದ ನೀರನ್ನು ಪಿಸ್ಟನ್ ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದಿದ್ದರೆ ಅದಕ್ಕೆ ಪರಿಹಾರವಿಲ್ಲವೆಂದು ಬರೆದ ಪತ್ರಗಳಿಗೆ ನಾನೇ ಎಷ್ಟೋ ಸಲ ಸಹಿ ಹಾಕಿದ್ದೇನೆ. ಆ ಪತ್ರ ಹಿಡಿದು ನನ್ನೆದುರು ನಿಂತವರ ಮುಖಗಳು ನನಗೆ ನೆನಪಿವೆ. ನಿನ್ನ ಕಾರಿನ ವಯಸ್ಸಿಗೆ ಆ ಹೆಚ್ಚುವರಿ ರಕ್ಷಣೆ ಸಿಗುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಲಿಖಿತವಾಗಿ ಕೇಳಿ ತಿಳಿ. ಹಾಗೆಯೇ ಈ ಮಾದರಿಯ ಕೆಲಸವನ್ನು ಮಂಗಳೂರಿನಲ್ಲೇ ಯಾರು ಮಾಡುತ್ತಾರೆಂದು ವಿಚಾರಿಸು. ಪ್ರತಿಯೊಂದು ರಿಪೇರಿಗೂ ಶಿರಾಡಿ ಘಾಟಿ ಹತ್ತಿಸಿ ಬೆಂಗಳೂರಿಗೆ ಸಾಗಿಸುವುದು, ಅದೂ ಗುಡ್ಡ ಕುಸಿದು ರಸ್ತೆ ಮುಚ್ಚುವ ತಿಂಗಳುಗಳಲ್ಲಿ, ಆಗುವ ಮಾತಲ್ಲ. ಮೊದಲ ವರ್ಷದ ರಿಪೇರಿಗೆಂದು ಕಾರಿನ ಬೆಲೆಯ ಆರನೇ ಒಂದು ಪಾಲನ್ನಾದರೂ ಬ್ಯಾಂಕಿನಲ್ಲಿ ಬೇರೆಯಾಗಿ ಇಡು. ಅಷ್ಟು ಉಳಿಯದಿದ್ದರೆ ಇನ್ನೊಂದು ವರ್ಷ ಕಾಯುವುದು ಲೇಸು.

ಮನೆಯ ಕಡೆಯ ಕೆಲಸ ನಾನು ಶುರು ಮಾಡಿದ್ದೇನೆ. ಗೇಟಿನ ಹತ್ತಿರ ರಸ್ತೆಯಿಂದ ಅಂಗಳಕ್ಕೆ ಇಳಿಯುವ ಜಾಗ ಕಡಿದಾಗಿದೆ. ಉದ್ದ ಮೂತಿಯ, ತಗ್ಗಿನ ಕಾರು ಅಲ್ಲಿ ಖಂಡಿತ ತಗಲುತ್ತದೆ. ನಿನ್ನೆ ಅಪ್ಪನೂ ನಾನೂ ಅಡಿಕೆ ದಬ್ಬೆಯನ್ನು ಅಡ್ಡ ಇಟ್ಟು ಅಳೆದೆವು. ಮುರಕಲ್ಲು ಕಟ್ಟಿ, ಜಲ್ಲಿ ಹಾಕಿ ಇಳಿಜಾರನ್ನು ಉದ್ದ ಮಾಡಿಸಬೇಕೆಂದು ಮೇಸ್ತ್ರಿಗೆ ಹೇಳಿದ್ದೇನೆ. ಕಾರನ್ನು ಮಾವಿನ ಮರದ ಅಡಿ ನಿಲ್ಲಿಸುವುದು ಬೇಡ, ಅದರ ಎಲೆ, ಅಂಟು ಎಲ್ಲವೂ ಮಾಡಿನ ಸಂದಿಗೆ ಹೋಗುತ್ತದೆ. ಪಡುಗಡೆಯ ಕೊಟ್ಟಿಗೆಯನ್ನು ಖಾಲಿ ಮಾಡಿಸುತ್ತೇನೆ. ಸಮುದ್ರದ ಗಾಳಿ ನೇರವಾಗಿ ಹೊಡೆಯದಂತೆ ಅಲ್ಲಿ ಗೋಡೆಯಿದೆ, ಬ್ಯಾಟರಿಗೆ ಚಾರ್ಜರ್ ಹಾಕಲು ಪ್ಲಗ್ ಪಾಯಿಂಟ್ ಕೂಡಿಸಿದರಾಯಿತು. ಮಲ್ಪೆಯ ಕಡಲತೀರಕ್ಕೆ ಹೋಗಿಬಂದ ದಿನ ಕಾರಿನ ಅಡಿಭಾಗಕ್ಕೆ ಸಿಹಿನೀರು ಹೊಡೆಯಲು ಬಾವಿಯ ಪಂಪಿನಿಂದ ಪೈಪು ತಲುಪುತ್ತದೆ.

ಬೆಂಗಳೂರಿನಲ್ಲಿ ಜಯನಗರದವರೊಬ್ಬರ ಕಾರು ಇದೆಯೆಂದು ನೀನು ಕೊನೆಯಲ್ಲಿ ಒಂದು ಸಾಲು ಬರೆದಿದ್ದೆಯಲ್ಲ, ಅದರ ಆರ್‌ಸಿ ಮತ್ತು ಈಗಿನ ಪಾಲಿಸಿಯ ಪ್ರತಿಗಳನ್ನು ನನಗೆ ಕಳಿಸು. ಎಷ್ಟು ಕ್ಲೇಮು ಆಗಿದೆಯೆಂದು ವಿಚಾರಿಸುವ ದಾರಿ ನನಗೆ ಗೊತ್ತಿದೆ. ಎಲ್ಲ ಸರಿಯಿದ್ದರೆ ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟು ಬರುತ್ತೇನೆ. ಶನಿವಾರ ಬೆಳಿಗ್ಗೆ ನೀನು ಎಂಜಿನ್ನಿನ ಸದ್ದು ಕೇಳು. ಬೆಲ್ಟುಗಳನ್ನು ನಾನು ಎಳೆದು ನೋಡುತ್ತೇನೆ.

ನಿನ್ನ ಅಮ್ಮ