ಅಪಸ್ವರದ ಹಕ್ಕು

ನಮಸ್ಕಾರ.

ಕಳೆದ ಬೇಸಿಗೆಯಲ್ಲಿ ಅರಕಲಗೂಡಿನಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನಮ್ಮ ಮನೆಗೆ ಬಂದಿದ್ದ ನಮ್ಮ ತಂದೆ ಊಟದ ಮೇಜಿನ ಮೇಲಿದ್ದ ಆಸ್ತಿ ತೆರಿಗೆಯ ಬಿಲ್ಲನ್ನು ಕನ್ನಡಕ ಏರಿಸಿಕೊಂಡು ಓದಿದರು. ನಿವೃತ್ತ ಹೆಡ್‌ಮಾಸ್ಟರು, ಕೈಗೆ ಸಿಕ್ಕಿದ ಕಾಗದವನ್ನು ಓದದೆ ಬಿಡುವವರಲ್ಲ. ಕೌಂಟಿಗೆ, ಎಂದರೆ ಇಲ್ಲಿನ ಜಿಲ್ಲಾಡಳಿತಕ್ಕೆ, ಇಷ್ಟು, ಊರಿನ ಆಡಳಿತಕ್ಕೆ ಇಷ್ಟು, ಶಾಲೆಗೆ ಇಷ್ಟು. ಶಾಲೆಯ ಸಾಲಿನ ಮೇಲೆ ಬೆರಳಿಟ್ಟು, "ಅರ್ಧಕ್ಕಿಂತ ಹೆಚ್ಚು ಇದಕ್ಕೇ ಹೋಗುತ್ತದಲ್ಲೋ. ಲೆಕ್ಕ ಯಾರು ಕೇಳುತ್ತೀರಿ?" ಎಂದರು. ನಾನು ಕಾಫಿ ತರುವ ನೆಪದಲ್ಲಿ ಎದ್ದೆ.

ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ಏನೆಂದು ಅವರಿಗೆ ತಿಳಿಸಿ ಹೇಳುವುದೇ ಒಂದು ಸಾಹಸ. ಅದು ಒಂದೆರಡು ಊರುಗಳ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ. ಅವರ ಪಾಲಿಗೆ ಡಿಸ್ಟ್ರಿಕ್ಟ್ ಎಂದರೆ ಹಾಸನ ಜಿಲ್ಲೆ, ಡಿಡಿಪಿಐ ಕಚೇರಿ, ಕೆಳಗೆ ಬಿಇಒ. ಹಾಸನದಂಥ ಮೂರು ಜಿಲ್ಲೆಗಳಷ್ಟು ದೊಡ್ಡದಾದ ನ್ಯೂಜೆರ್ಸಿಯಲ್ಲಿ ಇಂಥ ಡಿಸ್ಟ್ರಿಕ್ಟುಗಳು ಸುಮಾರು 600 ಇವೆ, ಕೆಲವಕ್ಕೆ ಇರುವುದು ಒಂದೇ ಶಾಲೆ ಎಂದಾಗ ಅವರು ನಂಬಲಿಲ್ಲ. ಪಕ್ಕದ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೊಗೆ ಕರೆದುಕೊಂಡು ಹೋಗಿ ತೋರಿಸಿದೆ. ವೆಸ್ಟ್ ವಿಂಡ್ಸರ್ ಇರುವುದು ಮರ್ಸರ್ ಕೌಂಟಿಯಲ್ಲಿ, ಪ್ಲೇನ್ಸ್‌ಬರೊ ಮಿಡಲ್‌ಸೆಕ್ಸ್ ಕೌಂಟಿಯಲ್ಲಿ. ಶಾಲೆಯ ಮಟ್ಟಿಗೆ ಮಾತ್ರ ಎರಡೂ ಊರಿನದು ಕೂಡುಕುಟುಂಬ. ಹತ್ತು ಶಾಲೆಗಳು, ಅವುಗಳಲ್ಲಿ ನಾರ್ತ್, ಸೌತ್ ಎಂದು ಎರಡು ಹೈಸ್ಕೂಲುಗಳು. ಹಿಂದೆ ಇದೆಲ್ಲ ಹೊಲ ಮತ್ತು ಹೈನು. ಪ್ಲೇನ್ಸ್‌ಬರೊದ ವಾಕರ್-ಗಾರ್ಡನ್ ಡೈರಿಯಲ್ಲಿ 1930ರಲ್ಲಿ ಒಂದು ಯಂತ್ರ ಬಂತು: 50 ಹಸುಗಳನ್ನು ತಿರುಗುವ ಕಟ್ಟೆಯ ಮೇಲೆ ನಿಲ್ಲಿಸಿದರೆ ಒಂದು ಸುತ್ತು ಮುಗಿಯುವುದರೊಳಗೆ ಹಾಲು ಕರೆದು ಆಗಿರುತ್ತಿತ್ತು. ಅಪ್ಪನಿಗೆ ಹತ್ತು ಶಾಲೆಗಳಿಗಿಂತ ಹೆಚ್ಚು ಹಿಡಿಸಿದ್ದು ಈ ಕಥೆ. ಡೈರಿ ಹೋಯಿತು, ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ನ್ಯೂಯಾರ್ಕ್ ರೈಲು ಹತ್ತುವವರು ಬಂದರು. ನಮ್ಮವರೂ ಬಂದರು, ಮನೆಗಿಂತ ಮೊದಲು ಶಾಲೆಯ ರ‍್ಯಾಂಕ್ ವಿಚಾರಿಸಿಕೊಂಡು.

ಆ ರ‍್ಯಾಂಕಿಗೆ ತೆರುವ ಬೆಲೆಯ ಮಾತನ್ನು ಬಹಿರಂಗವಾಗಿ ಎತ್ತಿದವರು ಅಲ್ಲಿನ ಸೂಪರಿಂಟೆಂಡೆಂಟ್, ಎಂದರೆ ಡಿಸ್ಟ್ರಿಕ್ಟಿನ ಮುಖ್ಯ ಅಧಿಕಾರಿ, ಡೇವಿಡ್ ಆಡರ್‌ಹೋಲ್ಡ್. 2015ರಲ್ಲಿ ಅವರು ಪೋಷಕರಿಗೆ 16 ಪುಟಗಳ ಪತ್ರ ಬರೆದರು. ಹಿಂದಿನ ಶಾಲಾ ವರ್ಷದಲ್ಲಿ 120 ಮಕ್ಕಳನ್ನು ಮಾನಸಿಕ ಆರೋಗ್ಯದ ತಪಾಸಣೆಗೆ ಕಳುಹಿಸಬೇಕಾಗಿತ್ತು, 40 ಮಕ್ಕಳು ಆಸ್ಪತ್ರೆ ಸೇರಿದ್ದರು. ಹೈಸ್ಕೂಲಿನ ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆಗಳನ್ನು ತೆಗೆದರು. ಹೋಂವರ್ಕ್ ಇಲ್ಲದ ರಾತ್ರಿಗಳು ಬಂದವು. ನಾಲ್ಕು, ಐದನೆಯ ತರಗತಿಯ ಮುಂದುವರಿದ ಗಣಿತಕ್ಕೂ ಕತ್ತರಿ ಬಿತ್ತು. ಪೋಷಕರು ಎರಡು ಪಾಳಯವಾದರು. ಮಟ್ಟ ಇಳಿಸುತ್ತಿದ್ದಾರೆ ಎಂದು ದೂರಿದವರಲ್ಲಿ ಏಷ್ಯಾ ಮೂಲದವರು ಬಹಳ ಮಂದಿ ಇದ್ದರು. ಪಕ್ಕದೂರಿನಲ್ಲಿ ಕುಳಿತು ನಾನೂ ಅವರಿಗೇ ತಲೆಯಾಡಿಸಿದ್ದೆ.

ಆ ಗದ್ದಲದಲ್ಲಿ ಒಂದು ಸಣ್ಣ ಸಂಗತಿಯನ್ನು ನಾನು ಗಮನಿಸಿರಲಿಲ್ಲ. ವಾದ್ಯ ಕಲಿಯಲು ಜಾಣತನದ ಅಳತೆ ಬೇಡ, ಯಾರು ಬೇಕಾದರೂ ಸೇರಲಿ ಎಂಬ ಯೋಜನೆಗೆ ಆಡರ್‌ಹೋಲ್ಡ್ 'ರೈಟ್ ಟು ಸ್ಕ್ವೀಕ್' ಎಂದು ಹೆಸರಿಟ್ಟಿದ್ದರು. ಕನ್ನಡದಲ್ಲಿ ಅಪಸ್ವರದ ಹಕ್ಕು ಎನ್ನೋಣ. ನಮ್ಮ ಮನೆಯಲ್ಲಿ ಆ ಹಕ್ಕು ಚಲಾವಣೆಯಲ್ಲಿರಲಿಲ್ಲ. ಮಗಳು ಶಾಲೆಯಿಂದ ಕ್ಲಾರಿನೆಟ್ ತಂದ ಮೊದಲ ತಿಂಗಳು ಅದು ಎಣ್ಣೆ ಕಾಣದ ಬಾವಿಯ ರಾಟೆಯಂತೆ ಕಿರುಗುಟ್ಟಿತು. "ಇದಕ್ಕಿಂತ ಗಣಿತಕ್ಕಾದರೂ ಕುಳಿತುಕೋ" ಎಂದೆ. ಅವಳು ಹಿಂದಿರುಗಿಸಿ ಬಂದಳು. ಸರಳೆ ವರಸೆಯನ್ನು ಮೂರು ವರ್ಷ ಎಳೆದು ಬಿಟ್ಟವನು ನಾನು, ಹಾಗೆ ಹೇಳುವ ಯೋಗ್ಯತೆ ಎಲ್ಲಿಂದ ಬಂತೋ.

ಲೆಕ್ಕ ಕೇಳುವ ಮಾತಿಗೆ ಬರುತ್ತೇನೆ. ಅಪ್ಪ ಬಿಡಲಿಲ್ಲವಾದ್ದರಿಂದ ನಮ್ಮ ಡಿಸ್ಟ್ರಿಕ್ಟಿನ ಆಡಳಿತ ಮಂಡಳಿಯಾದ ಬೋರ್ಡಿನ ಸಭೆಗೆ ಇಬ್ಬರೂ ಹೋದೆವು. ಈ ಊರಿಗೆ ಬಂದು ಹದಿನಾರು ವರ್ಷಗಳಲ್ಲಿ ನಾನು ಹೋದ ಮೊದಲ ಸಭೆ ಅದು. ಹೈಸ್ಕೂಲಿನ ಲೈಬ್ರರಿ, ಮಡಚುವ ಕುರ್ಚಿಗಳು. ಕೇಳಲು ಬಂದವರು ನಮ್ಮನ್ನೂ ಸೇರಿ ಏಳು ಜನ. ಎದುರಿಗಿದ್ದ ಸದಸ್ಯರಿಗೆ ಸಂಬಳವಿಲ್ಲ. ನವೆಂಬರ್ ಚುನಾವಣೆಯಲ್ಲಿ ಗೆದ್ದು ಬಂದ ನೆರೆಹೊರೆಯವರು. ಸೋರುವ ಛಾವಣಿಯ ಟೆಂಡರಿನ ಮೇಲೆ ನಲವತ್ತು ನಿಮಿಷ ಮಾತು ನಡೆಯಿತು. ಅಪ್ಪನಿಗೆ ಅದು ಅತ್ಯಂತ ರಸವತ್ತಾದ ಭಾಗ. ಅವರ ಸರ್ವಿಸ್ ಪೂರ್ತಿ ಒಂದಲ್ಲ ಒಂದು ಛಾವಣಿ ಸೋರುತ್ತಲೇ ಇತ್ತು.

ಬಜೆಟ್ಟಿನ ಮೇಲೆ ಹಿಂದೆ ಏಪ್ರಿಲ್‌ನಲ್ಲಿ ಊರಿನವರು ಮತ ಹಾಕುತ್ತಿದ್ದರು. 2012ರಿಂದೀಚೆಗೆ ಚುನಾವಣೆಯನ್ನು ನವೆಂಬರ್‌ಗೆ ತಂದುಕೊಂಡ ಡಿಸ್ಟ್ರಿಕ್ಟುಗಳಲ್ಲಿ, ತೆರಿಗೆಯ ಏರಿಕೆ ಶೇಕಡಾ 2ರ ಮಿತಿಯೊಳಗಿದ್ದರೆ ಆ ಮತದಾನವೇ ಇಲ್ಲ. ಹಾಗಾಗಿ ವಸಂತದಲ್ಲಿ ನಡೆಯುವ ಬಜೆಟ್ ವಿಚಾರಣೆಗೆ ಹೋಗದವನಿಗೆ ಆಮೇಲೆ ಬರುವುದು ಬಿಲ್ ಮಾತ್ರ. ಬೋರ್ಡಿಗೆ ನಿಲ್ಲಲು, ಮತ ಹಾಕಲು ಪೌರತ್ವ ಬೇಕು, ನಿಜ. ಸಭೆಯಲ್ಲಿ ಮಾತನಾಡಲು ಬೇಡ. ಸಾರ್ವಜನಿಕರ ಮಾತಿಗೆ ಪ್ರತಿ ಸಭೆಯಲ್ಲೂ ಸಮಯ ಇಡಲೇಬೇಕೆಂಬುದು ಈ ರಾಜ್ಯದ ಕಾನೂನು, ಮೈಕಿನ ಮುಂದೆ ವೀಸಾ ಯಾವುದೆಂದು ಯಾರೂ ಕೇಳುವುದಿಲ್ಲ.

ಆ ರಾತ್ರಿ ಮೈಕಿಗೆ ಹೋದದ್ದು ಒಬ್ಬರೇ, ಮೂರನೆಯ ತರಗತಿಯ ಹುಡುಗನ ತಾಯಿ. ಬಸ್ ನಿಲ್ದಾಣದ ಹತ್ತಿರ ಫುಟ್‌ಪಾತ್ ಇಲ್ಲ ಎನ್ನುವುದಿತ್ತು. ಕೈಯ ಚೀಟಿ ನಡುಗುತ್ತಿತ್ತು, ಇಂಗ್ಲಿಷ್ ಎರಡು ಕಡೆ ಮುಗ್ಗರಿಸಿತು. ಬೋರ್ಡಿನ ಅಧ್ಯಕ್ಷೆ ಬರೆದುಕೊಂಡರು. ಅಪ್ಪ ನನ್ನ ಕಡೆ ತಿರುಗಿ, "ನೀನು ಹೋಗುವುದಿಲ್ಲವೇನೋ?" ಎಂದು ಪಿಸುಗುಟ್ಟಿದರು. ಹೋಗಲಿಲ್ಲ.

ಮುಂದಿನ ಸಭೆ ಈ ತಿಂಗಳ ಮೂರನೆಯ ಮಂಗಳವಾರ, ರಾತ್ರಿ ಏಳೂವರೆಗೆ. ನನ್ನ ಕಾರಿನಲ್ಲಿ ಮೂರು ಸೀಟುಗಳು ಖಾಲಿ ಇವೆ.

— ಸಂಪಾದಕ